"ನಮ್ಮ ನಾಯಿ ಮಾತು ಕೇಳೋದಿಲ್ಲ": ತೋಟದ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ, ಮುಳ್ಳೇರಿಯ ಕಡೆ ನಾಯಿ ಇಲ್ಲದ ಅಂಗಳ ಕಡಿಮೆ. ನಾಯಿಗಳ ಬಗ್ಗೆ ನನಗೆ ಆಸಕ್ತಿ, ಪೆಟ್ಟು ಕೊಡದೆ ಕಲಿಸಬೇಕು ಅನ್ನುವವ ನಾನು ಅಂತ ಗೊತ್ತಾದ ಮೇಲೆ ಪೂಜೆಯ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ರಾತ್ರಿ ಫೋನಿನಲ್ಲಿ ಜನ ಕೇಳುತ್ತಲೇ ಇರುತ್ತಾರೆ. ಒಂದಿಬ್ಬರು ಪತ್ರವನ್ನೂ ಬರೆದಿದ್ದಾರೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದದ್ದಕ್ಕೆ ನೇರ ಹೋಗಿ.

## ಶುರುವಿಗೆ

"ಪೆಟ್ಟು ಕೊಡದೆ ಕಲಿಸೋದು ಅಂದ್ರೆ ಸುಮ್ನೆ ಮುದ್ದು ಮಾಡ್ತಾ ಕೂರೋದಾ?"

ಅಲ್ಲ. ನಾಯಿ ತನಗೆ ಲಾಭ ಆದದ್ದನ್ನು ಮತ್ತೆ ಮಾಡುತ್ತದೆ, ಲಾಭ ಇಲ್ಲದ್ದನ್ನು ನಿಧಾನಕ್ಕೆ ಬಿಡುತ್ತದೆ. ಇಷ್ಟನ್ನು ಹಿಡಿದುಕೊಂಡು ಕೆಲಸ ಮಾಡುವುದು, ಅಷ್ಟೇ. ನೀವು ಪೇಟೆಯಿಂದ ಬಂದಾಗ ನಾಯಿ ಮೈಮೇಲೆ ಹಾರುತ್ತದೆ ಅಂತಿಟ್ಟುಕೊಳ್ಳಿ. "ಏ ಇಳಿ, ಇಳಿ" ಅಂತ ಕೈಯಲ್ಲಿ ದೂಡಿದರೆ ಅದಕ್ಕೆ ಅದೂ ಆಟವೇ, ನಿಮ್ಮ ಕೈ ಸಿಕ್ಕಿತು, ಮಾತು ಸಿಕ್ಕಿತು. ಅದರ ಬದಲು ಬೆನ್ನು ತಿರುಗಿಸಿ ನಿಲ್ಲಿ. ನಾಲ್ಕು ಕಾಲೂ ನೆಲಕ್ಕೆ ತಾಗಿದ ಕೂಡಲೇ ತಿರುಗಿ ಮಾತಾಡಿಸಿ, ಒಂದು ತುಂಡು ಏನಾದರೂ ಕೊಡಿ. ವಾರದೊಳಗೆ ವ್ಯತ್ಯಾಸ ಕಾಣುತ್ತದೆ. ಮನೆಯ ಎಲ್ಲರೂ ಹಾಗೇ ಮಾಡಬೇಕು. ಒಬ್ಬರು ಹಾರಿಸಿಕೊಂಡು ಮುದ್ದಾಡಿದರೆ ಉಳಿದವರ ಶ್ರಮ ಹಾಳು.

"ನಮ್ಮದು ಕಾಟುನಾಯಿ. ಜಾತಿ ನಾಯಿಗೆ ಮಾತ್ರ ಕಲಿಸಲಿಕ್ಕೆ ಆಗೋದಲ್ವಾ?"

ಕಾಟುನಾಯಿ, ಅಂದರೆ ಜಾತಿ ಇಲ್ಲದ ಊರ ನಾಯಿ, ಚೆನ್ನಾಗಿ ಕಲಿಯುತ್ತದೆ. ಕೆಲವು ಜಾತಿ ನಾಯಿಗಳನ್ನು ಮನುಷ್ಯನ ಆಜ್ಞೆಗೆ ಕಾಯುವ ಹಾಗೆ ತಲೆಮಾರುಗಳಿಂದ ಆರಿಸಿ ಬೆಳೆಸಿದ್ದಾರೆ. ಕಾಟುನಾಯಿಗೆ ಆ ಹಿನ್ನೆಲೆ ಇಲ್ಲ, ಅದು ತಾನೇ ನೋಡಿ ತೀರ್ಮಾನ ಮಾಡುತ್ತದೆ. ಹಾಗಾಗಿ ಹತ್ತು ನಿಮಿಷ ಒಂದೇ ಪಾಠ ಹೇಳಿದರೆ ಎದ್ದು ಹೋಗುತ್ತದೆ. ಎರಡೆರಡು ನಿಮಿಷದ ಪಾಠ ದಿನಕ್ಕೆ ನಾಲ್ಕು ಸಲ ಮಾಡಿ.

"ನಾವು ಮೀನು, ಮೊಟ್ಟೆ ತರುವವರಲ್ಲ. ಬಹುಮಾನಕ್ಕೆ ಏನು ಕೊಡೋದು?"

ಪನೀರ್, ದೋಸೆಯ ಚೂರು, ಹುರಿದ ನೆಲಗಡಲೆ, ಬಾಳೆಹಣ್ಣು, ತೆಂಗಿನಕಾಯಿಯ ಸಣ್ಣ ಹೋಳು, ಯಾವುದೂ ಆಗುತ್ತದೆ. ಗಾತ್ರ ಅಡಿಕೆ ಚೂರಿಗಿಂತ ದೊಡ್ಡದು ಬೇಡ. ತಿನ್ನುವ ಮನೆಯವರಿಗೆ ಬೇಯಿಸಿದ ಕೋಳಿ ಲಿವರಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ನೀರುಳ್ಳಿ, ದ್ರಾಕ್ಷಿ, ಚಾಕಲೇಟ್ ಮಾತ್ರ ಕೊಡಲೇಬೇಡಿ, ಮೂರೂ ನಾಯಿಗೆ ವಿಷ. ನಿನ್ನೆಯ ನೀರುಳ್ಳಿ ಹುಳಿಯಲ್ಲಿ ಕಲಸಿದ ಅನ್ನವೂ ಬೇಡ.

"ಮನೇಲಿ ಕನ್ನಡ, ಕೆಲಸದವರ ಹತ್ರ ತುಳು, ಪಕ್ಕದವರು ಮಲಯಾಳ. ನಾಯಿಗೆ ಯಾವ ಭಾಷೆ?"

ಯಾವುದೂ ಆಗುತ್ತದೆ, ಆದರೆ ಒಂದು ಕೆಲಸಕ್ಕೆ ಒಂದೇ ಶಬ್ದ. ನಮ್ಮ ಕಡೆ ಇದು ನಿಜವಾದ ತೊಡಕು. ನೀವು "ಇರು" ಅಂದರೆ ಅಲ್ಲೇ ನಿಲ್ಲು ಅಂತ. ಮಲಯಾಳ ಮಾತಾಡುವವರು "ಇರಿ" ಅಂದರೆ ಕೂತುಕೋ ಅಂತ. ಎರಡನ್ನೂ ಕೇಳುವ ನಾಯಿ ಏನು ಮಾಡಬೇಕು? ನಮ್ಮ ಮನೆಯಲ್ಲಿ ಕೂರುವುದಕ್ಕೆ ತುಳುವಿನ "ಕುಲ್ಲು", ನಿಲ್ಲುವುದಕ್ಕೆ ಕನ್ನಡದ "ನಿಲ್ಲು" ಅಂತ ಮಾಡಿಕೊಂಡಿದ್ದೇವೆ, ಅದನ್ನು ಕೆಲಸಕ್ಕೆ ಬರುವವರಿಗೂ ಹೇಳಿದ್ದೇವೆ. ಶಬ್ದಕ್ಕಿಂತ ಮೊದಲು ನಾಯಿ ನೋಡುವುದು ನಿಮ್ಮ ಕೈಯನ್ನು. ಕೈಸನ್ನೆ ಒಂದೇ ಥರ ಇರಲಿ.

## ನಾಯಿ ಏನು ಹೇಳ್ತಾ ಉಂಟು

"ಬಾಲ ಅಲ್ಲಾಡಿಸ್ತಾ ಇತ್ತು ಮಾರಾಯ್ರೆ, ಆದರೂ ಕಚ್ಚಿತು. ಇದು ಹೇಗೆ?"

ಬಾಲ ಅಲ್ಲಾಡುತ್ತಿದ್ದರೆ ನಾಯಿ ಖುಷಿಯಲ್ಲಿದೆ ಅಂತ ಅರ್ಥವಲ್ಲ, ಅದರ ಮನಸ್ಸು ಯಾವುದಕ್ಕೋ ಕೆರಳಿದೆ ಅಂತ ಮಾತ್ರ. ಸೊಂಟವೂ ಸೇರಿ ಸಡಿಲವಾಗಿ ಬಳುಕುತ್ತಿದ್ದರೆ ಸರಿ. ಮೈ ಸೆಟೆದು, ಬಾಲ ಮೇಲೆತ್ತಿ, ತುದಿ ಮಾತ್ರ ಚಿಕ್ಕದಾಗಿ ಬಡಿಯುತ್ತಿದ್ದರೆ ಅಲ್ಲೇ ನಿಂತುಬಿಡಿ. 2007ರಲ್ಲಿ ಇಟಲಿಯ ಸಂಶೋಧಕರು ಇನ್ನೊಂದು ಸಂಗತಿ ಕಂಡುಕೊಂಡರು: ಯಜಮಾನನನ್ನು ನೋಡಿದಾಗ ಬಾಲ ನಾಯಿಯ ಬಲಕ್ಕೆ ಜಾಸ್ತಿ ವಾಲುತ್ತದಂತೆ, ಗುರುತಿಲ್ಲದ ಜೋರಿನ ನಾಯಿಯನ್ನು ನೋಡಿದಾಗ ಎಡಕ್ಕೆ. ಅಂಗಳದಲ್ಲಿ ನಿಂತು ಅದನ್ನು ಗುರುತಿಸುವುದು ಕಷ್ಟ. ಮುಖ ನೋಡುವುದು ಸುಲಭ. ಹಸಿವಿಲ್ಲದಾಗ ಮೂಗು ನೆಕ್ಕುವುದು, ನಿದ್ದೆ ಇಲ್ಲದಾಗ ಆಕಳಿಸುವುದು, ತಲೆ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವ ಹಾಗೆ ನಿಮ್ಮನ್ನೇ ನೋಡುವುದು, ಇವೆಲ್ಲ "ನನಗೆ ಆಗ್ತಾ ಇಲ್ಲ, ಸ್ವಲ್ಪ ದೂರ ಹೋಗಿ" ಅನ್ನುವ ಮಾತು. ಮಕ್ಕಳು ನಾಯಿಯ ಕುತ್ತಿಗೆಗೆ ಜೋತುಬಿದ್ದ ಫೋಟೋಗಳನ್ನು ತೆಗೆದು ನೋಡಿ. ಎಷ್ಟೋ ಫೋಟೋಗಳಲ್ಲಿ ನಾಯಿಯ ಮುಖ ಇದನ್ನೇ ಹೇಳುತ್ತಿರುತ್ತದೆ.

"ಗುರ್ರ್ ಅಂದ್ರೆ ಅಲ್ಲಿಗಲ್ಲಿಗೆ ಒಂದು ಬಿಡಬೇಕು ಅಲ್ವಾ?"

ದಯವಿಟ್ಟು ಬೇಡ. ಗುರ್ರ್ ಅನ್ನುವುದು ಕಚ್ಚುವ ಮೊದಲಿನ ಎಚ್ಚರಿಕೆ. ಅದಕ್ಕೆ ಪೆಟ್ಟು ಕೊಟ್ಟರೆ ನಾಯಿಯ ಹೆದರಿಕೆ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಆಮೇಲೆ ಅದು ಸದ್ದಿಲ್ಲದೆ ಕಚ್ಚುತ್ತದೆ. ಹಿಂದೆ ಸರಿಯಿರಿ, ಯಾವುದಕ್ಕೆ ಗುರಾಯಿಸಿತು ಅಂತ ನೆನಪಿಟ್ಟುಕೊಳ್ಳಿ.

"ತಪ್ಪು ಮಾಡಿದ್ದು ಅದಕ್ಕೇ ಗೊತ್ತು, ಮುಖ ನೋಡಿದ್ರೆ ತಿಳೀತದೆ."

ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಮಾಡಿ, ಮೂಲೆಗೆ ಸರಿಯುವ ಆ ಮುಖ ನನಗೂ ಗೊತ್ತು. 2009ರಲ್ಲಿ ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಇದನ್ನೇ ಪರೀಕ್ಷಿಸಿದರು. ನಾಯಿ ತಿಂಡಿ ಕದ್ದಿದೆಯೋ ಇಲ್ಲವೋ ಅನ್ನುವುದಕ್ಕೂ ಆ ಮುಖಕ್ಕೂ ಸಂಬಂಧವೇ ಕಾಣಲಿಲ್ಲ. ಯಜಮಾನ ಬೈದರೆ ಆ ಮುಖ ಬರುತ್ತಿತ್ತು, ಏನೂ ಕದಿಯದೆ ಬೈಸಿಕೊಂಡ ನಾಯಿಗಳಲ್ಲಿ ಇನ್ನೂ ಜಾಸ್ತಿ. ಅದು ನಿಮ್ಮ ಸಿಟ್ಟಿಗೆ ಹೆದರಿದ ಮುಖ. ಒಂದು ಗಂಟೆ ಹಿಂದೆ ಕಡಿದ ಚಪ್ಪಲಿಗೂ ಈಗಿನ ಬೈಗುಳಕ್ಕೂ ನಾಯಿಯ ತಲೆಯಲ್ಲಿ ಗಂಟು ಬೀಳುವುದಿಲ್ಲ.

## ಮರಿಯ ಕಾಲ

"ಮರಿ ಎಷ್ಟು ದಿನದ್ದಾದಾಗ ತರಬೇಕು? ಆರು ತಿಂಗಳಾದ ಮೇಲೆ ಕಲಿಸಿದ್ರೆ ಸಾಕಲ್ವಾ?"

ಎಂಟು ವಾರದ ಮೊದಲು ತಾಯಿಯಿಂದ ಬಿಡಿಸಬೇಡಿ. ಕಚ್ಚುವ ಜೋರು ಎಷ್ಟಿರಬೇಕು ಅಂತ ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದವರ ಜೊತೆ. ಆರು ತಿಂಗಳವರೆಗೆ ಕಾದರೆ ಬಹಳ ತಡ. ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಮರಿ ಏನೇನು ನೆಮ್ಮದಿಯಿಂದ ನೋಡುತ್ತದೋ ಅದು ಜೀವನಪೂರ್ತಿ ಅದಕ್ಕೆ ಮಾಮೂಲು. ಆಗ ನೋಡದ್ದಕ್ಕೆ ಮುಂದೆ ಹೆದರುವ ಸಾಧ್ಯತೆ ಜಾಸ್ತಿ.

ನಮ್ಮ ಕಡೆಯ ಮರಿ ಏನು ನೋಡಬೇಕು? ಬಿಚ್ಚಿದ ಕೊಡೆ, ಹೆಲ್ಮೆಟ್ ಹಾಕಿದವರು, ಬುರ್ಖಾ ಹಾಕಿದವರು, ಬೈರಾಸು (ಟವೆಲು) ಸುತ್ತಿದವರು, ಯೂನಿಫಾರ್ಮಿನ ಮಕ್ಕಳು, ಆಟೋ, ದನ, ಹುಲ್ಲು ಕತ್ತರಿಸುವ ಮೆಷಿನ್, ದೂರದ ಚೆಂಡೆ. ಅಡಿಕೆ ಹಾಳೆ ಬೀಳುವ ಸದ್ದು. ಎಲ್ಲವೂ ದೂರದಿಂದ, ಬಾಯಿಗೆ ಒಂದು ಚೂರು ತಿಂಡಿಯೊಂದಿಗೆ. ಚುಚ್ಚುಮದ್ದು ಪೂರ್ತಿ ಆಗುವವರೆಗೆ ಬೇರೆ ನಾಯಿಗಳು ಓಡಾಡುವ ಜಾಗದಲ್ಲಿ ನೆಲಕ್ಕೆ ಬಿಡಬೇಡಿ, ಎತ್ತಿಕೊಂಡು ತೋರಿಸಿದರೂ ಸಾಕು. ಮೂರು ತಿಂಗಳಿಗೆ ರೇಬೀಸ್ ಚುಚ್ಚುಮದ್ದು ಹಾಕಿಸಿ. ಪಂಚಾಯತಿನ ಲೈಸೆನ್ಸಿಗೂ ಆ ಸರ್ಟಿಫಿಕೇಟ್ ಬೇಕು.

"ಒಳಗೇ ಉಚ್ಚೆ ಮಾಡ್ತದೆ. ಮೂತಿ ತಿಕ್ಕಿದ್ರೂ ಬುದ್ಧಿ ಬರಲಿಲ್ಲ."

ಮೂತಿ ತಿಕ್ಕಿದರೆ ಮರಿ ಕಲಿಯುವುದು ಒಂದೇ: ನಿಮ್ಮ ಕಣ್ಣೆದುರು ಉಚ್ಚೆ ಮಾಡಿದರೆ ಅಪಾಯ. ಆಮೇಲೆ ಮಂಚದಡಿಗೆ ಹೋಗಿ ಮಾಡುತ್ತದೆ. ಎರಡು ತಿಂಗಳ ಮರಿಗೆ ಎರಡು ಮೂರು ಗಂಟೆಗಿಂತ ಹೆಚ್ಚು ತಡೆಯಲು ಆಗುವುದಿಲ್ಲ. ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಕೂಡಲೇ ಹೊರಗೆ ಒಂದೇ ಜಾಗಕ್ಕೆ ಕರೆದುಕೊಂಡು ಹೋಗಿ. ಮಾಡಿ ಮುಗಿಸಿದ ಕ್ಷಣ ಅಲ್ಲೇ ಬಹುಮಾನ ಕೊಡಿ, ಒಳಗೆ ಬಂದ ಮೇಲೆ ಅಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಹೊರಗೆ ಹೋಗಲು ಕೇಳುವುದಿಲ್ಲ, ಆಗ ಕೊಟ್ಟಿಗೆಯ ಮಾಡಿನಡಿ ಒಂದು ಮೂಲೆ ಮಾಡಿಕೊಡಿ.

"ಸಿಕ್ಕಿದ್ದನ್ನೆಲ್ಲ ಕಡಿದು ಹಾಕ್ತದೆ."

ನಾಲ್ಕರಿಂದ ಆರು ತಿಂಗಳೊಳಗೆ ಹಾಲುಹಲ್ಲು ಬಿದ್ದು ಹೊಸದು ಬರುತ್ತದೆ, ಒಸಡು ತುರಿಸುತ್ತದೆ. ಚಪ್ಪಲಿ ಮೇಲಿಡಿ, ಕಡಿಯಲು ಗಟ್ಟಿ ರಬ್ಬರಿನ ಆಟಿಕೆ ಕೊಡಿ. ತೆಂಗಿನ ಸಿಪ್ಪೆ ಬೇಡ, ನಾರು ಹೊಟ್ಟೆಯಲ್ಲಿ ಸಿಕ್ಕಿಕೊಳ್ಳಬಹುದು. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯನ್ನೂ ಕಡಿಯಲು ಬಿಡಬೇಡಿ. ಅದರಲ್ಲಿರುವ ಅರೆಕೋಲಿನ್ ಹಿಂದಿನ ಕಾಲದಲ್ಲಿ ನಾಯಿಗಳ ಲಾಡಿಹುಳಕ್ಕೆ ಕೊಡುತ್ತಿದ್ದ ಮದ್ದು. ಅಂದಾಜಿಲ್ಲದೆ ಹೊಟ್ಟೆಗೆ ಹೋದರೆ ಜೊಲ್ಲು, ವಾಂತಿ, ಭೇದಿ.

## ತೋಟದ ಮನೆಯ ತೊಂದರೆಗಳು

"ಹಗಲು ಕಟ್ಟಿ ಹಾಕಿ ರಾತ್ರಿ ಬಿಡೋದು ನಮ್ಮ ಹಿಂದಿನಿಂದಲೂ ಬಂದ ಕ್ರಮ. ಅದರಲ್ಲಿ ಏನು ತಪ್ಪು?"

ನನಗೆ ಅತಿ ಹೆಚ್ಚು ಸಂಕಟ ಕೊಡುವ ಪ್ರಶ್ನೆ ಇದು, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ನಮ್ಮ ಬೊಳ್ಳು ನಮ್ಮಲ್ಲಿಗೆ ಬಂದದ್ದು ಎರಡು ವರ್ಷದವನಾಗಿದ್ದಾಗ, ಬೇರೊಂದು ಮನೆಯಿಂದ. ಅಲ್ಲಿ ಅವನನ್ನು ಕಟ್ಟುತ್ತಿದ್ದ ಹಲಸಿನ ಮರದ ಬುಡ ನೋಡಿದ್ದೆ. ಸರಪಳಿ ಎಷ್ಟು ಉದ್ದವೋ ಅಷ್ಟು ದೂರಕ್ಕೆ ಸುತ್ತ ಒಂದು ಹುಲ್ಲೂ ಇರಲಿಲ್ಲ, ನೆಲ ಸೆಗಣಿ ಸಾರಿಸಿದ ಹಾಗೆ ನುಣ್ಣಗಿತ್ತು. ಕುತ್ತಿಗೆಯ ಸುತ್ತ ಕೂದಲು ಸವೆದಿತ್ತು. ಯಾರೇ ಬಂದರೂ ಸರಪಳಿ ಬಿಗಿಯುವವರೆಗೆ ನುಗ್ಗಿ, ಕೊನೆಗೆ ಮುಂಗಾಲು ಮೇಲಾಗಿ ಹಿಂದಕ್ಕೆ ಬೀಳುತ್ತಿದ್ದ. "ಒಳ್ಳೆ ಕಾವಲುನಾಯಿ" ಅಂತ ಎಲ್ಲರೂ ಹೇಳುತ್ತಿದ್ದರು.

ಕಟ್ಟಿದ ನಾಯಿಗೆ ಓಡಿಹೋಗುವ ದಾರಿ ಇಲ್ಲ. ಹೆದರಿಕೆಯಾದರೆ ಉಳಿದದ್ದು ಎದುರಿಸುವುದು ಮಾತ್ರ. ದಿನವೂ ಜನ ಕಂಡಾಗ ಕುತ್ತಿಗೆಗೆ ಬಿಗಿ ಬೀಳುತ್ತದೆ, ಹಾಗಾಗಿ ಜನ ಅಂದರೆ ನೋವು ಅಂತ ಅದರ ತಲೆಯಲ್ಲಿ ಕೂತುಬಿಡುತ್ತದೆ. ಗಂಟೆ ಸದ್ದಿಗೂ ಊಟಕ್ಕೂ ನಂಟು ಹಾಕಿಕೊಂಡ ನಾಯಿಯ ಬಾಯಲ್ಲಿ ನೀರು ಬರುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ರಷ್ಯಾದ ಪಾವ್ಲೋವ್ ಕಂಡುಕೊಂಡದ್ದು, ಅದೇ ಕ್ರಿಯೆ ಇಲ್ಲಿ ಉಲ್ಟಾ ನಡೆಯುತ್ತದೆ.

ಕಾನೂನೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ತೀರಾ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟಿಡುವುದು ಅಪರಾಧ. ಸದಾ ಕಟ್ಟಿಡುವ ನಾಯಿಗೆ ಓಡಾಟ ಕೊಡದಿರುವುದೂ ಅಪರಾಧ.

ಬಿಟ್ಟರೆ ರಸ್ತೆಗೆ ಹೋಗುತ್ತದೆ, ಪಕ್ಕದವರ ಕೋಳಿ ಹಿಡಿಯುತ್ತದೆ ಅನ್ನುವ ನಿಮ್ಮ ಚಿಂತೆ ನಿಜವೇ. ಪೂರ್ತಿ ಬಿಡಿ ಅಂತ ನಾನೂ ಹೇಳುವುದಿಲ್ಲ. ರಾತ್ರಿಯೆಲ್ಲ ಊರು ಸುತ್ತಲು ಬಿಡುವುದೂ ತಪ್ಪೇ. ಅಂಗಳದ ಒಂದು ಭಾಗಕ್ಕೆ ಬೇಲಿ ಆದರೆ ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಎರಡು ಮರಗಳ ನಡುವೆ ಎತ್ತರದಲ್ಲಿ ತಂತಿ ಎಳೆದು, ಬಳೆ ಹಾಕಿ, ಅದರಿಂದ ಹಗುರ ಹಗ್ಗ ಇಳಿಬಿಡಿ, ನೆರಳು ಮತ್ತು ನೀರು ಎಟುಕುವ ಹಾಗೆ. ಬೆಳಿಗ್ಗೆ, ಸಂಜೆ ಅರ್ಧರ್ಧ ಗಂಟೆ ಉದ್ದ ಹಗ್ಗದಲ್ಲಿ ತೋಟ ಸುತ್ತಿಸಿ. ಎಳೆಯಬೇಡಿ, ಮೂಸಲು ಬಿಡಿ. ಮೂಸುವುದು ಅದಕ್ಕೆ ನಮಗೆ ಪೇಪರ್ ಓದಿದ ಹಾಗೆ. ಒಂದು ಹಿಡಿ ತಿಂಡಿಯನ್ನು ಒಣ ಸೋಗೆಯ ನಡುವೆ ಚೆಲ್ಲಿ ಹುಡುಕಲು ಬಿಟ್ಟರೆ ಹತ್ತು ನಿಮಿಷದಲ್ಲಿ ನಾಯಿ ಸುಸ್ತಾಗಿ ಮಲಗುತ್ತದೆ. ಬೊಳ್ಳು ಜನರನ್ನು ಕಂಡು ನುಗ್ಗುವುದು ನಿಲ್ಲಿಸಲು ಐದು ತಿಂಗಳು ಬೇಕಾಯಿತು. ಈಗಲೂ ರಾತ್ರಿ ಹಂದಿ ಬಂದರೆ ಬೊಗಳುತ್ತಾನೆ. ಕಾವಲಿಗೆ ಸರಪಳಿ ಬೇಕಾಗಿಲ್ಲ.

"ಅಡಿಕೆ ಕೊಯ್ಯುವವರು, ಮದ್ದು ಬಿಡುವವರು ಬಂದ್ರೆ ಹುಚ್ಚು ಹಿಡಿದ ಹಾಗೆ ಬೊಗಳ್ತದೆ."

ನಾಯಿಯ ಕಣ್ಣಿನಿಂದ ನೋಡಿ: ಗುರುತಿಲ್ಲದ ಮನುಷ್ಯ, ಕೈಯಲ್ಲಿ ಆಕಾಶದಷ್ಟು ಉದ್ದದ ದೋಟಿ, ಮುಖಕ್ಕೆ ಬಟ್ಟೆ, ಮೈಯೆಲ್ಲ ಮಳೆಗಾಲದಲ್ಲಿ ಅಡಿಕೆಗೆ ಸಿಂಪಡಿಸುವ ಮೈಲುತುತ್ತಿನ ವಾಸನೆ. ಹೆದರಿಕೆ ಸಹಜ ಅಲ್ವಾ?

ಮದ್ದು ಬಿಡುವ ದಿನ ಏನೂ ಕಲಿಸಲು ಆಗುವುದಿಲ್ಲ, ಆ ದಿನ ಒಳಗೆ ಕೂಡಿ. ಅಭ್ಯಾಸ ಮಳೆಗಾಲಕ್ಕೆ ಒಂದು ತಿಂಗಳು ಮೊದಲೇ ಶುರುವಾಗಲಿ. ಮೊದಲು ದೋಟಿಯನ್ನು ನೆಲದ ಮೇಲೆ ಮಲಗಿಸಿ, ಸುತ್ತ ತಿಂಡಿ ಹಾಕಿ. ಅದು ಲೆಕ್ಕಕ್ಕೇ ಇಲ್ಲ ಅನ್ನುವ ಹಾಗಾದ ಮೇಲೆ ಮನೆಯವರೇ ದೋಟಿ ಹಿಡಿದು ನಿಲ್ಲಲಿ, ಆಮೇಲೆ ನಡೆಯಲಿ, ಆಮೇಲೆ ಎತ್ತಲಿ. ದೂರವನ್ನು ಅಡಿಕೆ ಸಾಲಿನಲ್ಲೇ ಅಳೆಯಿರಿ. ಸಾಲಿಂದ ಸಾಲಿಗೆ 2.7 ಮೀಟರ್ ಇದ್ದರೆ ಹತ್ತು ಸಾಲು ಅಂದರೆ 27 ಮೀಟರ್. ಹತ್ತು ಸಾಲಿನಾಚೆ ದೋಟಿ ಕಂಡು ನಾಯಿ ಸುಮ್ಮನಿದ್ದು ತಿಂಡಿ ತಿಂದರೆ ನಾಳೆ ಒಂಬತ್ತು. ತಿಂಡಿ ಬೇಡ ಅಂದರೆ, ಮೈ ಬಿಗಿದರೆ, ನೀವು ಅವಸರ ಮಾಡಿದಿರಿ ಅಂತ ಅರ್ಥ, ಎರಡು ಸಾಲು ಹಿಂದೆ ಹೋಗಿ. ಕ್ರಮ ತಪ್ಪಬಾರದು: ಮೊದಲು ದೋಟಿ ಕಾಣಬೇಕು, ಆಮೇಲೆ ತಿಂಡಿ ಬರಬೇಕು. ಕೆಲವು ದಿನದಲ್ಲಿ ದೋಟಿ ಕಂಡ ಕೂಡಲೇ ನಾಯಿ ಬೊಗಳುವ ಬದಲು ನಿಮ್ಮ ಮುಖ ನೋಡುತ್ತದೆ. ಆ ನೋಟ ಬಂದರೆ ಅರ್ಧ ಕೆಲಸ ಮುಗಿಯಿತು.

"ಕರೆದ್ರೆ ಬರೋದೇ ಇಲ್ಲ. ಬಂದ ಮೇಲೆ ಎರಡು ಬಿಡ್ತೇನೆ, ಆದರೂ ಇಲ್ಲ."

ಬಂದದ್ದಕ್ಕೇ ಪೆಟ್ಟು ಬಿದ್ದರೆ ಯಾರು ಬರುತ್ತಾರೆ ಹೇಳಿ? ಎಷ್ಟೇ ತಡವಾಗಿ ಬಂದರೂ ಖುಷಿಯಿಂದ ಮಾತಾಡಿಸಿ. ಸ್ನಾನಕ್ಕೆ, ಕಟ್ಟುವುದಕ್ಕೆ ಕರೆಯಬೇಡಿ, ನೀವೇ ಹತ್ತಿರ ಹೋಗಿ. ಹತ್ತು ಸಲ ಕರೆದರೆ ಒಂಬತ್ತು ಸಲ ತಿಂಡಿ ಕೊಟ್ಟು ಮತ್ತೆ ಆಟಕ್ಕೆ ಬಿಡಿ. ಹಳೆಯ "ಬಾ" ಕೆಟ್ಟುಹೋಗಿದ್ದರೆ ಹೊಸ ಶಬ್ದ ತೆಗೆದುಕೊಳ್ಳಿ, ಅಥವಾ ಸೀಟಿ.

"ಗುಡುಗು, ಕುಂಬಳೆ ಬೆಡಿ (ಜಾತ್ರೆಯ ಸಿಡಿಮದ್ದು) ಅಂದ್ರೆ ನಡುಗ್ತದೆ. ಸಮಾಧಾನ ಮಾಡಿದ್ರೆ ಹೆದರಿಕೆ ಇನ್ನೂ ಜಾಸ್ತಿ ಆಗ್ತದೆ ಅಂತಾರೆ, ಹೌದಾ?"

ಇಲ್ಲ. ಹೆದರಿಕೆ ಬಹುಮಾನದಿಂದ ಬೆಳೆಯುವ ಕೆಲಸವಲ್ಲ, ಅದೊಂದು ಭಾವನೆ. ಹತ್ತಿರ ಕೂತುಕೊಳ್ಳಿ, ಬೆನ್ನ ಮೇಲೆ ಕೈ ಇಡಿ. ಮನೆಯ ಒಳಗಿನ, ಕಿಟಕಿ ಕಡಿಮೆ ಇರುವ ಕೋಣೆಯಲ್ಲಿ ಹಳೆ ಬೆಡ್‌ಶೀಟ್ ಹಾಸಿ, ಫ್ಯಾನ್ ಜೋರಾಗಿ ಹಾಕಿ. ನಮಗೆ ಕೇಳಿಸದ ಎಷ್ಟೋ ಸದ್ದು ನಾಯಿಗೆ ಕೇಳಿಸುತ್ತದೆ: ನಮ್ಮ ಮಿತಿ 20,000 ಹರ್ಟ್ಜ್, ಅದರದ್ದು 45,000ದ ಹತ್ತಿರ. ಬೆಡಿಯ ರಾತ್ರಿ ಸರಪಳಿಯಲ್ಲಿ ಹೊರಗೆ ಬಿಡಲೇಬೇಡಿ, ಹೆದರಿ ಎಳೆದು ಕುತ್ತಿಗೆಗೆ ಬಿಗಿದುಕೊಂಡೀತು. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆ ಗುಡುಗಿಗೆ ತೀರಾ ಒದ್ದಾಡುವ ನಾಯಿಗೆ ಪಶುವೈದ್ಯರು ಮದ್ದು ಕೊಡುತ್ತಾರೆ, ಕೇಳಲು ಹಿಂಜರಿಯಬೇಡಿ.

## ಸ್ವಲ್ಪ ಆಳಕ್ಕೆ

"ನಾವೇ ಯಜಮಾನ ಅಂತ ತೋರಿಸದಿದ್ರೆ ನಾಯಿ ತಲೆ ಮೇಲೆ ಕೂರ್ತದಂತೆ?"

ಈ ಮಾತಿನ ಬೇರು ತೋಳಗಳಲ್ಲಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬವರು ಕೂಡಿಹಾಕಿದ ತೋಳಗಳ ಜಗಳ ನೋಡಿ, ಹಿಂಡಿನಲ್ಲಿ ಯಜಮಾನಿಕೆಗೆ ಪೈಪೋಟಿ ನಡೆಯುತ್ತದೆ ಅಂತ ಬರೆದದ್ದು ಹಬ್ಬಿತು. ಆಮೇಲೆ ಅಮೆರಿಕದ ತೋಳ ಸಂಶೋಧಕ ಡೇವಿಡ್ ಮೆಕ್ ಕಾಡಿನಲ್ಲಿ ತೋಳಗಳನ್ನು ವರ್ಷಗಟ್ಟಲೆ ನೋಡಿ, ಹಿಂಡು ಅಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ ಅಂತ 1999ರಲ್ಲಿ ಬರೆದರು. ಅಷ್ಟಕ್ಕೂ ನಾಯಿ ತೋಳವಲ್ಲ, ನೀವು ನಾಯಿಯೂ ಅಲ್ಲ. ಕವುಚಿ ಒತ್ತಿಹಿಡಿಯುವುದು, ದುರುಗುಟ್ಟಿ ನೋಡುವುದು, ಹೊಡೆಯುವುದು ಇವುಗಳಿಂದ ನಾಯಿಗಳು ತಿರುಗಿಬೀಳುವುದು ಹೆಚ್ಚು ಅಂತ 2009ರಲ್ಲಿ ಪೆನ್ಸಿಲ್ವೇನಿಯಾದ ಪಶುವೈದ್ಯರು ವರದಿ ಮಾಡಿದರು. 2020ರಲ್ಲಿ ಪೋರ್ಚುಗಲ್‌ನಲ್ಲಿ 92 ನಾಯಿಗಳ ಅಧ್ಯಯನ ನಡೆಯಿತು. ಶಿಕ್ಷೆ ಕೊಟ್ಟು ಕಲಿಸುವ ಕಡೆಯ ನಾಯಿಗಳ ಜೊಲ್ಲಿನಲ್ಲಿ ತರಬೇತಿಯ ನಂತರ ಒತ್ತಡದ ಹಾರ್ಮೋನು ಏರಿತ್ತು.

"ಊಟದ ಹತ್ರ ಹೋದ್ರೆ ಗುರಾಯಿಸ್ತದೆ, ಬಾಯಿಗೆ ಸಿಕ್ಕಿದ್ದನ್ನು ಬಿಡೋದಿಲ್ಲ."

ತಟ್ಟೆ ಕಿತ್ತುಕೊಂಡು ಅಭ್ಯಾಸ ಮಾಡಿಸಿ ಅಂತ ಹೇಳುವವರ ಮಾತು ಕೇಳಬೇಡಿ. ನೀವು ಹತ್ತಿರ ಬಂದರೆ ಏನೋ ಹೋಗುತ್ತದೆ ಅಂತ ಅದಕ್ಕೆ ಹೆದರಿಕೆ. ಏನೋ ಬರುತ್ತದೆ ಅಂತ ಮಾಡಿ. ದೂರದಿಂದಲೇ ತಟ್ಟೆಯ ಕಡೆಗೆ ಅದರ ಊಟಕ್ಕಿಂತ ರುಚಿಯಾದದ್ದೊಂದು ಎಸೆದು ಹೊರಟುಹೋಗಿ. ದಿನಾ ಹೀಗೆ, ಒಂದೊಂದು ಹೆಜ್ಜೆ ಹತ್ತಿರಕ್ಕೆ. ಬಾಯಲ್ಲಿರುವುದಕ್ಕೆ ವಿನಿಮಯ ಮಾಡಿ: ಇದನ್ನು ಕೊಡು, ಇದನ್ನು ತಗೋ. ಮಕ್ಕಳಿಗೆ ಈ ಕೆಲಸ ಕೊಡಲೇಬಾರದು.

"ಕೈಯಲ್ಲಿ ತಿಂಡಿ ಇಲ್ಲದಿದ್ರೆ ಕ್ಯಾರೇ ಅನ್ನೋದಿಲ್ಲ."

ತಿಂಡಿಯನ್ನು ಮೊದಲೇ ತೋರಿಸುವುದರಿಂದ ಹೀಗಾಗುತ್ತದೆ. ತಿಂಡಿ ಜೇಬಿನಲ್ಲಿರಲಿ, ನಾಯಿ ಕೆಲಸ ಮಾಡಿದ ಮೇಲೆ ಹೊರಬರಲಿ. ಚೆನ್ನಾಗಿ ಕಲಿತ ಮೇಲೆ ಎರಡು ಸಲಕ್ಕೊಮ್ಮೆ, ಐದು ಸಲಕ್ಕೊಮ್ಮೆ, ಮತ್ತೆ ಒಮ್ಮೆಲೇ ಮೂರು ಚೂರು, ಹೀಗೆ ಲೆಕ್ಕ ಸಿಗದ ಹಾಗೆ ಕೊಡಿ. ಲಾಟರಿ ಟಿಕೆಟ್ ತೆಗೆಯುವವರು ದಿನಾ ಗೆಲ್ಲುವುದಿಲ್ಲ, ಆದರೂ ನಾಳೆ ಮತ್ತೆ ತೆಗೆಯುತ್ತಾರಲ್ಲ, ಹಾಗೆ. ಅವಸರ ಮಾತ್ರ ಬೇಡ, ಹೊಸ ಪಾಠಕ್ಕೆ ಪ್ರತಿ ಸಲವೂ ಕೊಡಬೇಕು.

"ಕಚ್ಚಿಬಿಟ್ಟಿದೆ. ಈಗ?"

ಮೊದಲು ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಸಾಮಾನ್ಯವಾಗಿ 0, 3, 7, 28ನೇ ದಿನ ಚುಚ್ಚುಮದ್ದು ಇರುತ್ತದೆ, ಒಂದನ್ನೂ ತಪ್ಪಿಸಬೇಡಿ. ಕಚ್ಚಿದ ನಾಯಿಯನ್ನು ಕೊಲ್ಲಬೇಡಿ, 10 ದಿನ ಕಣ್ಣಿಟ್ಟು ನೋಡಬೇಕು. ಮನೆಯ ನಾಯಿ ಹಿಂದೆಂದೂ ಇಲ್ಲದ್ದು ಒಮ್ಮೆಲೇ ಕಚ್ಚಿದರೆ ಪಶುವೈದ್ಯರಿಗೆ ತೋರಿಸಿ. ಕಿವಿಯ ಹುಣ್ಣು, ಹಲ್ಲುನೋವು, ಸೊಂಟನೋವು ಇದ್ದ ನಾಯಿಗೆ ಯಾವ ತರಬೇತಿಯೂ ತಾಗುವುದಿಲ್ಲ.

"ನಮ್ಮದಕ್ಕೆ ವಯಸ್ಸಾಯಿತು. ಇನ್ನು ಕಲಿಸಿದ್ರೆ ಕಲೀತದಾ?"

ಕಲಿಯುತ್ತದೆ. ಬೊಳ್ಳುವಿಗೆ ಈಗ ಹನ್ನೆರಡು ವರ್ಷ, ಎರಡೂ ಕಣ್ಣಿಗೆ ಪೊರೆ ಬಂದಿದೆ. ಜಗಲಿಯ ಮೆಟ್ಟಿಲಿಗೆ ಎಡವಲು ಶುರು ಮಾಡಿದಾಗ, ಮೆಟ್ಟಿಲು ಬರುವ ಒಂದು ಹೆಜ್ಜೆ ಮೊದಲು "ಮೆಟ್ಲು" ಅನ್ನುತ್ತಾ ಮೂಗಿನೆದುರು ದೋಸೆ ಚೂರು ಹಿಡಿದು ಹತ್ತಿಸಿದೆವು. ದಿನಕ್ಕೆ ಐದಾರು ಸಲ, ಮೂರು ದಿನ. ನಾಲ್ಕನೇ ದಿನ ದೋಸೆ ಇಲ್ಲದೆ "ಮೆಟ್ಲು" ಅಂದೆ. ನಿಂತ, ಬಲಗಾಲು ಎತ್ತಿ ಗಾಳಿಯಲ್ಲಿ ಒಮ್ಮೆ ತಡಕಿದ, ಕಲ್ಲು ಸಿಕ್ಕಿದ ಮೇಲೆ ಊರಿ ಹತ್ತಿದ.